ಮೂರನೆಯ ಸಾಲಿನ ನೀರು

ಪದವಿ ಪರೀಕ್ಷೆಯ ಫಲಿತಾಂಶ ಹೊರಬೀಳುವ ತಿಂಗಳುಗಳಲ್ಲಿ ನನಗೆ ಬರುವ ಫೋನುಗಳಲ್ಲಿ ಒಂದಷ್ಟು ಒಂದೇ ಬಗೆಯವು. ನೆಂಟರ ಪೈಕಿ ಯಾರದೋ ಮಗಳು, ಇಲ್ಲವೇ ಹಳೆಯ ಮೇಷ್ಟ್ರ ಶಿಷ್ಯನೊಬ್ಬ, ಪರಿಸರ ಮತ್ತು ಸಮಾಜವನ್ನು ಒಟ್ಟಿಗೆ ಕಲಿಸುವ ಎಂ.ಎ.ಗೆ ಸೇರಬೇಕೆಂದು ಹಟ ಹಿಡಿದಿರುತ್ತಾರೆ. “ಅದನ್ನ ಓದಿದ್ರೆ ಕೆಲಸ ಸಿಗುತ್ತೇನಮ್ಮಾ?” ಎಂದು ಮನೆಯ ಹಿರಿಯರು ಕೇಳುತ್ತಾರೆ. ಸಿಗುತ್ತದೆ ಎಂದು ಹೇಳುತ್ತೇನೆ. ಅದು ನಿಜವೂ ಹೌದು. ಆದರೆ ಸಿಗುವ ಕೆಲಸ ಎಂಥದು, ಓದಿದ್ದಕ್ಕೂ ಅದಕ್ಕೂ ಇರುವ ನಂಟೇನು ಎಂಬ ಪ್ರಶ್ನೆಯನ್ನು ಸಾಮಾನ್ಯವಾಗಿ ಯಾರೂ ಕೇಳುವುದಿಲ್ಲ, ಕೇಳಿದರೂ ಫೋನಿನಲ್ಲಿ ಹೇಳಿ ಮುಗಿಸುವಂಥ ಉತ್ತರ ಅದಕ್ಕಿಲ್ಲ. ಅದೇ ಓದನ್ನು ಓದಿ, ಈಗ ಬೆಂಗಳೂರಿನಲ್ಲಿ ಕಂಪನಿಗಳ ಸುಸ್ಥಿರತಾ ವರದಿಗಳನ್ನು ಸಿದ್ಧಪಡಿಸುವ ಕೆಲಸದಲ್ಲಿರುವ ನಾನು ಆ ಉತ್ತರವನ್ನು ಇಲ್ಲಿ ಬಿಡಿಸಿ ಬರೆಯಲು ಯತ್ನಿಸಿದ್ದೇನೆ.

ಕೆಲಸಗಳು ಹುಟ್ಟಿರುವುದು ಉದ್ಯಮಗಳಿಗೆ ಪರಿಸರದ ಮೇಲೆ ಇದ್ದಕ್ಕಿದ್ದಂತೆ ಅಕ್ಕರೆ ಉಕ್ಕಿದ್ದರಿಂದಲ್ಲ, ಕಾನೂನಿನಿಂದ. 2013ರ ಕಂಪನಿ ಕಾಯಿದೆಯ 135ನೇ ಕಲಮಿನ ಪ್ರಕಾರ 500 ಕೋಟಿ ರೂಪಾಯಿ ನಿವ್ವಳ ಮೌಲ್ಯ, 1000 ಕೋಟಿ ವಹಿವಾಟು ಅಥವಾ 5 ಕೋಟಿ ನಿವ್ವಳ ಲಾಭ, ಇವುಗಳಲ್ಲಿ ಯಾವುದಾದರೂ ಒಂದನ್ನು ಮುಟ್ಟಿದ ಕಂಪನಿ ತನ್ನ ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ 2ರಷ್ಟನ್ನು ಸಾಮಾಜಿಕ ಹೊಣೆಗಾರಿಕೆಯ ಕೆಲಸಗಳಿಗೆ ಖರ್ಚು ಮಾಡಬೇಕು. 2021ರ ಮೇ ತಿಂಗಳಲ್ಲಿ ಷೇರುಪೇಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿ ಹೊರಡಿಸಿದ ಸುತ್ತೋಲೆಯಂತೆ, ಮಾರುಕಟ್ಟೆ ಮೌಲ್ಯದಲ್ಲಿ ಮೊದಲ 1000 ಸ್ಥಾನಗಳಲ್ಲಿರುವ ಕಂಪನಿಗಳು 2022-23ರ ಹಣಕಾಸು ವರ್ಷದಿಂದ ವ್ಯವಹಾರದ ಹೊಣೆಗಾರಿಕೆ ಮತ್ತು ಸುಸ್ಥಿರತೆಯ ವರದಿಗೆಂದು ಇರುವ ಬಿಆರ್‌ಎಸ್‌ಆರ್ ಎಂಬ ಸುದೀರ್ಘ ನಮೂನೆಯನ್ನು ಪ್ರತಿ ವರ್ಷ ತುಂಬಿ ಸಲ್ಲಿಸುವುದು ಕಡ್ಡಾಯವಾಯಿತು. 2023ರ ಅಕ್ಟೋಬರಿನಿಂದ ಯುರೋಪಿಯನ್ ಒಕ್ಕೂಟ ಉಕ್ಕು, ಅಲ್ಯೂಮಿನಿಯಂ, ಸಿಮೆಂಟು ಮೊದಲಾದ ಆಮದು ಸರಕುಗಳ ಜೊತೆಗೆ ಅವುಗಳ ಇಂಗಾಲದ ಲೆಕ್ಕವನ್ನೂ ಕೇಳತೊಡಗಿತು. ಲೆಕ್ಕ ಕೇಳುವವರು ಹೆಚ್ಚಾದಂತೆ ಲೆಕ್ಕ ಬರೆಯುವವರು ಬೇಕಾದರು. ನನ್ನಂಥವರಿಗೆ ಸಂಬಳ ಬರುತ್ತಿರುವುದು ಇದರಿಂದ.

ಆ ಲೆಕ್ಕ ಹೇಗಿರುತ್ತದೆ ಎಂದು ಹೊರಗಿನವರಿಗೆ ಗೊತ್ತಿರುವುದಿಲ್ಲ. ಕಾರ್ಖಾನೆಯ ಅಥವಾ ಕಚೇರಿಯ ವಿದ್ಯುತ್ ಬಿಲ್ಲುಗಳು, ಜನರೇಟರಿಗೆ ತರಿಸಿದ ಡೀಸೆಲ್ಲಿನ ಬಿಲ್ಲುಗಳು, ನೌಕರರನ್ನು ಕರೆತರುವ ಬಸ್ಸುಗಳ ಲಾಗ್ ಪುಸ್ತಕ, ಕಸ ಒಯ್ಯುವವರು ಕೊಟ್ಟ ತೂಕದ ಚೀಟಿ, ಇವೆಲ್ಲ ನಮ್ಮ ಮೇಜಿಗೆ ಬರುತ್ತವೆ. ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 2.7 ಕೆ.ಜಿ. ಇಂಗಾಲದ ಡೈಆಕ್ಸೈಡ್, ದೇಶದ ವಿದ್ಯುತ್ ಜಾಲದಿಂದ ಪಡೆದ ಒಂದು ಯೂನಿಟ್ಟಿಗೆ ಸುಮಾರು 0.7 ಕೆ.ಜಿ. ಸ್ವಂತ ಬಾಯ್ಲರಿನ, ಜನರೇಟರಿನ ಹೊಗೆ ಸ್ಕೋಪ್ 1ಕ್ಕೆ ಸೇರುತ್ತದೆ, ಕೊಂಡ ವಿದ್ಯುತ್ತಿನದು ಸ್ಕೋಪ್ 2ಕ್ಕೆ, ಸರಬರಾಜುದಾರರಿಂದ ಹಿಡಿದು ಗ್ರಾಹಕರವರೆಗಿನ ಉಳಿದದ್ದೆಲ್ಲ 15 ಬಗೆಗಳಾಗಿ ಸ್ಕೋಪ್ 3ಕ್ಕೆ. ಹಾಳೆ ತುಂಬುತ್ತದೆ, ಕೂಡುವಿಕೆ ಸರಿಹೋಗುತ್ತದೆ, ಹೋದ ವರ್ಷಕ್ಕಿಂತ ಈ ವರ್ಷ ಶೇಕಡಾ ಇಷ್ಟು ಕಡಿಮೆ ಎಂಬ ವಾಕ್ಯ ಮೊದಲ ಪುಟಕ್ಕೆ ಏರುತ್ತದೆ. ಇದಿಷ್ಟಕ್ಕೇ ಆದರೆ ವಾಣಿಜ್ಯ ಪದವೀಧರರು ಸಾಕು. ಅವರು ನಮಗಿಂತ ಚುರುಕಾಗಿಯೂ ಮಾಡುತ್ತಾರೆ.

ಹಾಗಿದ್ದರೆ ಸಮಾಜವನ್ನೂ ಸೇರಿಸಿಕೊಂಡು ಪರಿಸರವನ್ನು ಓದಿದವರ ಅಗತ್ಯ ಎಲ್ಲಿ ಬೀಳುತ್ತದೆ? ನಾನು ಕೆಲಸ ಮಾಡಿದ ಒಂದು ಕಚೇರಿ ಸಮುಚ್ಚಯದ ನೀರಿನ ಪುಟವನ್ನೇ ನೋಡಬಹುದು. ಬಿಆರ್‌ಎಸ್‌ಆರ್ ನಮೂನೆಯ, ಪರಿಸರಕ್ಕೆ ಸಂಬಂಧಿಸಿದ ಆರನೆಯ ತತ್ತ್ವದಡಿ, ಕಂಪನಿ ವರ್ಷವಿಡೀ ಎಲ್ಲೆಲ್ಲಿಂದ ಎಷ್ಟು ಕಿಲೋಲೀಟರ್ ನೀರು ಪಡೆಯಿತು ಎಂದು ಬರೆಯಬೇಕು. ಮೊದಲ ಸಾಲು ಮೇಲ್ಮೈ ನೀರಿಗೆ, ಎರಡನೆಯದು ಅಂತರ್ಜಲಕ್ಕೆ, ಮೂರನೆಯದು ಇತರರಿಂದ ಕೊಂಡ ನೀರಿಗೆ, ನಾಲ್ಕನೆಯದು ಸಮುದ್ರದ ನೀರಿಗೆ, ಕೊನೆಯದು ಉಳಿದದ್ದಕ್ಕೆ. ಈ ಸಮುಚ್ಚಯದ ಸ್ವಂತ ಕೊಳವೆಬಾವಿ ಬತ್ತಿದ್ದರಿಂದ ಅಂತರ್ಜಲದ ಸಾಲಿನಲ್ಲಿ ಸೊನ್ನೆ ಇತ್ತು. ಬಳಕೆಯ ಬಹುಪಾಲು ಟ್ಯಾಂಕರ್ ನೀರು. ಅದು ಮೂರನೆಯ ಸಾಲಿಗೆ ಹೋಗಿತ್ತು. ನಿಯಮದ ಪ್ರಕಾರ ಅದು ಸರಿ. ಲೆಕ್ಕ ಪರಿಶೋಧಕರು ಎಷ್ಟು ಕೆದಕಿದರೂ ಅದರಲ್ಲಿ ತಪ್ಪು ಸಿಗುವುದಿಲ್ಲ.

ಟ್ಯಾಂಕರಿನ ರಸೀದಿಗಳು ಒಂದು ದಪ್ಪ ಕಡತದಲ್ಲಿದ್ದವು. ಕಾರ್ಬನ್ ಹಾಳೆಯಿಟ್ಟು ಬರೆದ ನಸುನೀಲಿ ಅಕ್ಷರ, ಗಾಡಿಯ ನಂಬರು, 12,000 ಲೀಟರ್ ಎಂಬ ಒಕ್ಕಣೆ, ಗೇಟಿನ ಕಾವಲುಗಾರನ ಸಹಿ. ನೀರನ್ನು ಎಲ್ಲಿ ತುಂಬಿಸಿಕೊಂಡು ಬಂದರೆಂಬುದು ಯಾವ ಚೀಟಿಯಲ್ಲೂ ಇರಲಿಲ್ಲ. ಅದು 2024ರ ಬೇಸಿಗೆ. ಬೆಂಗಳೂರಿನಲ್ಲಿ ಟ್ಯಾಂಕರ್ ದರ ಕೈಮೀರಿದ್ದರಿಂದ ಆ ಮಾರ್ಚಿನಲ್ಲಿ ಜಿಲ್ಲಾಡಳಿತ ದರ ನಿಗದಿ ಮಾಡಿ, ಐದು ಕಿಲೋಮೀಟರಿನ ಒಳಗಾದರೆ 12,000 ಲೀಟರಿಗೆ 1000 ರೂಪಾಯಿ ಎಂದು ಗೊತ್ತುಪಡಿಸಿತ್ತು. ಐದು ಕಿಲೋಮೀಟರಿನಾಚೆಯ ದರ ಹಾಕಿದ ರಸೀದಿಗಳೇ ಹೆಚ್ಚಿದ್ದುದರಿಂದ ನೀರು ಊರಾಚೆಯ ಯಾವುದೋ ಕೊಳವೆಬಾವಿಯಿಂದ ಬರುತ್ತಿದೆ ಎಂಬುದಂತೂ ಸ್ಪಷ್ಟವಿತ್ತು. ಅಂಚಿನ ಹಳ್ಳಿಗಳಲ್ಲಿ ಇದು ನಡೆಯುವ ಬಗೆ ಸುತ್ತಲಿನವರಿಗೆಲ್ಲ ತಿಳಿದದ್ದೇ: ಆಳಕ್ಕೆ ಕೊರೆಸಲು ದುಡ್ಡಿದ್ದ ಒಬ್ಬರು ಬೆಳೆ ಬಿಟ್ಟು ನೀರು ಮಾರುತ್ತಾರೆ, ಪಕ್ಕದ ಹೊಲದ, ಅಷ್ಟು ಆಳವಿಲ್ಲದ ಬಾವಿ ಮೊದಲು ಒಣಗುತ್ತದೆ, ಆ ಮನೆಯ ಹೆಂಗಸರು ಪಂಚಾಯಿತಿಯ ನಲ್ಲಿಗೆ ಕೊಡ ಹಿಡಿದು ನಿಲ್ಲುತ್ತಾರೆ. ಕಂಪನಿಯ ವರದಿಯಲ್ಲಿ ಮಾತ್ರ ಅಂತರ್ಜಲ ಬಳಕೆ ಸೊನ್ನೆ.

ರಸೀದಿಯಲ್ಲಿ ನೀರು ತುಂಬಿಸಿದ ಜಾಗವನ್ನೂ ಬರೆಸಬೇಕೆಂದು ಸಮುಚ್ಚಯದ ನಿರ್ವಹಣೆ ನೋಡಿಕೊಳ್ಳುವವರನ್ನು ಕೇಳಿದೆ. “ಫಾರಂನಲ್ಲಿ ಅದನ್ನ ಕೇಳಿಲ್ವಲ್ಲ ಮೇಡಂ” ಎಂದರು. ಅವರ ಮಾತು ನ್ಯಾಯವಾದದ್ದೇ. ಆದರೆ ಅದೇ ನಮೂನೆಯ ಮುಂದಿನ ಪುಟಗಳಲ್ಲಿ, ಕಡ್ಡಾಯವಲ್ಲದ, ಮುಂಚೂಣಿಯಲ್ಲಿರಬಯಸುವವರು ಉತ್ತರಿಸಲೆಂದು ಇಟ್ಟಿರುವ ಸೂಚಕಗಳಲ್ಲಿ, ನೀರಿನ ಒತ್ತಡವಿರುವ ಪ್ರದೇಶಗಳಿಂದ ಎಷ್ಟು ನೀರು ಪಡೆದಿರಿ ಎಂಬ ಪ್ರಶ್ನೆಯಿದೆ. ಬೆಂಗಳೂರು ನಗರ ಜಿಲ್ಲೆಯ ಅಂತರ್ಜಲವನ್ನು ಕೇಂದ್ರೀಯ ಅಂತರ್ಜಲ ಮಂಡಳಿ ಅತಿಬಳಕೆಯ ವರ್ಗದಲ್ಲಿ ಸೇರಿಸಿದೆ. ಆ ಪ್ರಶ್ನೆಗೆ ಉತ್ತರ ಕೊಡುವುದಾದರೆ ಮೂಲ ತಿಳಿಯಲೇಬೇಕು ಎಂಬ ವಾದವನ್ನು ಅವರ ಮೇಲಧಿಕಾರಿಗಳು ಒಪ್ಪಿದರು. ಮುಂದಿನ ತ್ರೈಮಾಸಿಕದಿಂದ ಚೀಟಿಯಲ್ಲಿ ಒಂದು ಗೆರೆ ಹೆಚ್ಚಾಯಿತು. ಇದೇನು ದೊಡ್ಡ ಗೆಲುವಲ್ಲ. ಹಳ್ಳಿಯ ಬಾವಿಗೆ ಅದರಿಂದ ನೀರು ಬರಲಿಲ್ಲ. ಆದರೆ ಮೂರನೆಯ ಸಾಲಿನ ಅಂಕಿಯನ್ನು ಕಂಡಾಗ ಅದರ ಹಿಂದೆ ಒಂದು ಊರಿದೆಯೆಂದು ಹೊಳೆಯುವುದಕ್ಕೆ ತರಬೇತಿ ಬೇಕು. ಆ ತರಬೇತಿ ನನಗೆ ಸಿಕ್ಕಿದ್ದು ಲೆಕ್ಕಶಾಸ್ತ್ರದ ಕೋಣೆಯಲ್ಲಲ್ಲ.

ನಮ್ಮ ಪದವಿ ಕಾಲೇಜುಗಳಲ್ಲಿ ಅದು ಸಿಗುವುದೂ ಅಪರೂಪ. ಪರಿಸರ ಪ್ರಕರಣಗಳ ವಕೀಲ ಎಂ.ಸಿ. ಮೆಹ್ತಾ ಅವರ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ 1991ರಲ್ಲಿ ಕೊಟ್ಟ ನಿರ್ದೇಶನದ ಫಲವಾಗಿ, ಒಂದು ದಶಕಕ್ಕೂ ಹೆಚ್ಚು ಕಾಲದ ನಂತರ, ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) ರೂಪಿಸಿದ ಆರು ತಿಂಗಳ ಪರಿಸರ ಅಧ್ಯಯನ ಎಲ್ಲ ಪದವಿಗಳಿಗೂ ಕಡ್ಡಾಯವಾಯಿತು. ಅದರಲ್ಲಿ ಎಂಟು ಘಟಕಗಳಿದ್ದವು: ಸಂಪನ್ಮೂಲ, ಪರಿಸರ ವ್ಯವಸ್ಥೆ, ಜೀವವೈವಿಧ್ಯ, ಮಾಲಿನ್ಯ ಎಲ್ಲ ಕಳೆದು ಆರನೆಯದಾಗಿ ಸಾಮಾಜಿಕ ಸಮಸ್ಯೆಗಳು ಮತ್ತು ಪರಿಸರ, ಕೊನೆಯದಾಗಿ ಕ್ಷೇತ್ರಕಾರ್ಯ. ಉದ್ದೇಶ ಒಳ್ಳೆಯದೇ ಇತ್ತು. ಆಚರಣೆಯಲ್ಲಿ ಅದು ಪರೀಕ್ಷೆಯ ಹಿಂದಿನ ರಾತ್ರಿ ಓದಿ ಪಾಸಾಗುವ ಪತ್ರಿಕೆಯಾಯಿತು, ಕ್ಷೇತ್ರಕಾರ್ಯವೆಂದರೆ ಕಾಲೇಜಿನ ಆವರಣದಲ್ಲಿ ಸಸಿ ನೆಟ್ಟು ಫೋಟೊ ತೆಗೆಸಿಕೊಳ್ಳುವುದಾಯಿತು. ಮಾಲಿನ್ಯದ ವ್ಯಾಖ್ಯೆ ಬಾಯಿಪಾಠವಾದ ವಿದ್ಯಾರ್ಥಿಗೆ ಆ ಮಾಲಿನ್ಯ ಯಾರ ಓಣಿಯಲ್ಲಿ ಹರಿಯುತ್ತದೆ, ಯಾಕೆ ಅಲ್ಲಿಯೇ ಹರಿಯುತ್ತದೆ ಎಂಬ ಪ್ರಶ್ನೆ ಎದುರಾಗುವುದೇ ಇಲ್ಲ.

ಸ್ನಾತಕೋತ್ತರ ಓದು ಮಾಡಬೇಕಾದದ್ದು ಈ ಪ್ರಶ್ನೆಯನ್ನು ಮೊದಲಿಗೆ ತರುವ ಕೆಲಸ. ಅಲ್ಲಿ ನಾವು ಓದಿದ ಮೊದಮೊದಲ ಪಾಠಗಳಲ್ಲಿ ಒಂದು ಅಮೆರಿಕದ ಜೀವವಿಜ್ಞಾನಿ ಗ್ಯಾರೆಟ್ ಹಾರ್ಡಿನ್ ಅವರ 1968ರ ಲೇಖನದ ವಾದ. ಎಲ್ಲರಿಗೂ ತೆರೆದ ಹುಲ್ಲುಗಾವಲಿನಲ್ಲಿ ಪ್ರತಿಯೊಬ್ಬ ದನಗಾಹಿಯೂ ಇನ್ನೊಂದು ದನ, ಮತ್ತೊಂದು ದನ ಎಂದು ಸೇರಿಸುತ್ತ ಹೋಗಿ ಕೊನೆಗೆ ಹುಲ್ಲುಗಾವಲೇ ಹಾಳಾಗುತ್ತದೆ ಎನ್ನುತ್ತದೆ ಅದು. ಕೇಳಲು ಸರಿಯೆನ್ನಿಸುವ ಈ ವಾದವನ್ನು ಅಮೆರಿಕದವರೇ ಆದ ರಾಜಕೀಯ ವಿಜ್ಞಾನಿ ಎಲಿನರ್ ಓಸ್ಟ್ರಮ್ ಹಲವು ದೇಶಗಳ ಹುಲ್ಲುಗಾವಲು, ಮೀನುಗಾರಿಕೆ, ನೀರಾವರಿ ವ್ಯವಸ್ಥೆಗಳನ್ನು ಮುಂದಿಟ್ಟು ಅಲುಗಿಸಿದರು. ಜನ ತಮ್ಮತಮ್ಮಲ್ಲಿ ನಿಯಮ ಮಾಡಿಕೊಂಡು, ಮೀರಿದವರಿಗೆ ದಂಡ ಹಾಕಿ, ತಲೆಮಾರುಗಟ್ಟಲೆ ಸಾಮೂಹಿಕ ಸಂಪತ್ತನ್ನು ಉಳಿಸಿಕೊಂಡಿದ್ದನ್ನು ತೋರಿಸಿದ್ದಕ್ಕೆ 2009ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಬಂತು. ಆದರೆ ನಮ್ಮ ಪಾಲಿಗೆ ಈ ವಾಗ್ವಾದ ಪುಸ್ತಕದ ಸಂಗತಿಯಾಗಿ ಉಳಿಯಲಿಲ್ಲ, ಯಾಕೆಂದರೆ ಪಾಠ ಮಾಡುತ್ತಿದ್ದವರು ಅದನ್ನು ನೇರವಾಗಿ ಕುಸನೂರಿಗೆ ಕರೆತಂದರು.

ಅಂದಿನ ಧಾರವಾಡ, ಇಂದಿನ ಹಾವೇರಿ ಜಿಲ್ಲೆಯ ಹಳ್ಳಿ ಅದು. 1984ರಲ್ಲಿ ರಾಜ್ಯದ ಅರಣ್ಯ ಅಭಿವೃದ್ಧಿ ನಿಗಮ ಮತ್ತು ಮರದ ತಿರುಳು ತಯಾರಿಸುವ ಹರಿಹರ ಪಾಲಿಫೈಬರ್ಸ್ ಸೇರಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಎಂಬ ಕಂಪನಿ ಕಟ್ಟಿದವು. ಸಾವಿರಾರು ಎಕರೆ ಸಾಮೂಹಿಕ ಭೂಮಿಯನ್ನು ನೀಲಗಿರಿ ಬೆಳೆಯಲು ಅದಕ್ಕೆ ಕೊಡಲಾಯಿತು. ಸರಕಾರದ ಕಡತದಲ್ಲಿ ಅದು ಪಾಳು ಜಮೀನು. ಊರಿನವರಿಗೆ ಅದು ದನದ ಮೇವು, ಒಲೆಯ ಸೌದೆ, ಬೇಲಿಯ ಗೂಟ. 1987ರ ನವೆಂಬರಿನಲ್ಲಿ ಸಮಾಜ ಪರಿವರ್ತನ ಸಮುದಾಯ ಎಂಬ ಸಂಘಟನೆಯ ಎಸ್.ಆರ್. ಹಿರೇಮಠ ಮತ್ತು ಸಂಗಡಿಗರ ಜೊತೆ ಜನ ಅಲ್ಲಿ ಸೇರಿ ನೀಲಗಿರಿ ಸಸಿಗಳನ್ನು ಕಿತ್ತು, ತಮಗೆ ಬೇಕಾದ ಮರಗಳ ಸಸಿ ನೆಟ್ಟರು. ಕಿತ್ತಿಕೊ–ಹಚ್ಚಿಕೊ ಸತ್ಯಾಗ್ರಹವೆಂದೇ ಅದು ಹೆಸರಾಯಿತು. ಪ್ರಕರಣ ಸುಪ್ರೀಂ ಕೋರ್ಟಿನವರೆಗೂ ಹೋಯಿತು, ಕೊನೆಗೆ ಆ ಕಂಪನಿಯೇ ಮುಚ್ಚಿತು. ಇದನ್ನು ಓದಿದ ಮೇಲೆ, ಯಾವುದಾದರೂ ಕಂಪನಿಯ ಇಂದಿನ ಹಸಿರು ಯೋಜನೆಯಲ್ಲಿ ಪಾಳು ಭೂಮಿಯಲ್ಲಿ ಮರ ಬೆಳೆಸುತ್ತೇವೆ ಎಂಬ ವಾಕ್ಯ ಕಂಡರೆ ಕೈ ತಾನಾಗಿ ಆ ಸರ್ವೆ ನಂಬರಿನ ಪಹಣಿ ತೆಗೆಯಲು ಹೋಗುತ್ತದೆ. ಪಹಣಿಯಲ್ಲಿ ಖರಾಬು ಎಂದಿದ್ದರೆ ಅಲ್ಲಿ ಏನೂ ಇಲ್ಲ ಎಂದಲ್ಲ, ಕಂದಾಯ ಇಲ್ಲ ಎಂದಷ್ಟೆ.

ಪಾವಗಡದ ಕಥೆ ಇದಕ್ಕಿಂತ ಜಟಿಲ, ಹಾಗಾಗಿ ನನಗೆ ಹೆಚ್ಚು ಮುಖ್ಯ. ಓದಿನ ಕಾಲದ ಕ್ಷೇತ್ರಕಾರ್ಯಕ್ಕೆ ನಾನು ಹೋದದ್ದೂ ಅಲ್ಲಿಗೇ. ತುಮಕೂರು ಜಿಲ್ಲೆಗೆ ಸೇರಿದರೂ ಮೂರು ಕಡೆ ಆಂಧ್ರದಿಂದ ಸುತ್ತುವರಿದ, ಮನೆಮಾತು ಹೆಚ್ಚಾಗಿ ತೆಲುಗೇ ಆದ, ಬರಕ್ಕೂ ಫ್ಲೋರೈಡ್ ನೀರಿಗೂ ಹೆಸರಾದ ತಾಲ್ಲೂಕು ಅದು. ಅಲ್ಲಿನ ನಾಗಲಮಡಿಕೆ ಹೋಬಳಿಯ ತಿರುಮಣಿ, ಬಳಸಮುದ್ರ, ಕ್ಯಾತಗಾನಚೆರ್ಲು, ವಳ್ಳೂರು, ರಾಯಚೆರ್ಲು ಎಂಬ ಐದು ಊರುಗಳ ಸುಮಾರು 13,000 ಎಕರೆಯಲ್ಲಿ 2050 ಮೆಗಾವಾಟ್ ಸಾಮರ್ಥ್ಯದ ಸೌರ ಉದ್ಯಾನ ಇದೆ. 2018ರ ಮಾರ್ಚಿನಲ್ಲಿ ಅದರ ಮೊದಲ ಹಂತ ಉದ್ಘಾಟನೆಯಾಯಿತು, 2019ರ ಕೊನೆಗೆ ಪೂರ್ತಿ ಸಾಮರ್ಥ್ಯ ಮುಟ್ಟಿತು. ಇಂಗಾಲದ ಲೆಕ್ಕದಲ್ಲಿ ಅದರಷ್ಟು ನಿಚ್ಚಳವಾದ ಯೋಜನೆ ಇನ್ನೊಂದು ಸಿಗುವುದು ಕಷ್ಟ. ಅಲ್ಲಿ ಹುಟ್ಟುವ ಒಂದೊಂದು ಯೂನಿಟ್ಟೂ ಎಲ್ಲೋ ಕಲ್ಲಿದ್ದಲಿನಿಂದ ಬರಬಹುದಾಗಿದ್ದ ಯೂನಿಟ್ಟಿನ ಜಾಗ ತುಂಬುತ್ತದೆ.

ಭೂಮಿಯ ವಿಷಯದಲ್ಲೂ ಅಲ್ಲಿ ಮಾಡಿದ್ದು ಹಳೆಯ ಸ್ವಾಧೀನಗಳಿಗಿಂತ ಮೇಲು ಎಂದೇ ನನ್ನ ತೀರ್ಮಾನ. ರೈತರಿಂದ ಜಮೀನನ್ನು ಕಿತ್ತುಕೊಳ್ಳಲಿಲ್ಲ, ಕೊಳ್ಳಲೂ ಇಲ್ಲ. ಸರಕಾರಿ ಸಂಸ್ಥೆಯೊಂದು 28 ವರ್ಷಕ್ಕೆ ಗುತ್ತಿಗೆ ಹಿಡಿಯಿತು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ 5ರ ಏರಿಕೆ. ಹತ್ತು ಎಕರೆ ಇದ್ದವರ ಮನೆಗೆ ವರ್ಷಕ್ಕೆ 2,10,000 ರೂಪಾಯಿ, ಮಳೆ ಬರಲಿ ಬಿಡಲಿ, ಬಂದೇ ಬರುತ್ತದೆ. ಮೂರು ವರ್ಷಕ್ಕೊಮ್ಮೆಯಾದರೂ ಶೇಂಗಾ ಕೈಕೊಡುವ ನೆಲದಲ್ಲಿ ಇದನ್ನು ಹಗುರವಾಗಿ ಕಾಣುವುದು ಊಟ ಖಚಿತವಿರುವವರು ಮಾತ್ರ. ಗಾರೆಯ ಹೊಸ ಮನೆ, ಮಗಳ ಎಂಜಿನಿಯರಿಂಗ್ ಓದು, ತೀರಿದ ಸಾಲ, ಇವೆಲ್ಲವನ್ನೂ ನಾವು ಅಲ್ಲಿ ಕಂಡೆವು.

ಆದರೆ ನಮ್ಮ ಜೊತೆ ಬಂದಿದ್ದ ಅಧ್ಯಾಪಕರು ಜಮೀನಿದ್ದವರ ಪಟ್ಟಿ ಹಿಡಿದು ಮನೆಮನೆಗೆ ಹೋಗಬೇಡಿ ಎಂದಿದ್ದರು. ಪಟ್ಟಿಯಲ್ಲಿ ಇಲ್ಲದವರನ್ನು ಹುಡುಕಿ ಎಂಬುದು ಅವರು ಕೊಟ್ಟ ಕೆಲಸ. ಶೇಂಗಾ ಬಿತ್ತನೆಯಲ್ಲಿ, ಕಳೆ ತೆಗೆಯುವುದರಲ್ಲಿ, ಕಿತ್ತು ಕಾಯಿ ಬಿಡಿಸುವುದರಲ್ಲಿ ಕೂಲಿ ಪಡೆಯುತ್ತಿದ್ದ ಭೂಮಿಯಿಲ್ಲದ ಮನೆಗಳಿಗೆ ಗುತ್ತಿಗೆ ಹಣವಿಲ್ಲ, ಬಿತ್ತನೆಯೇ ನಿಂತ ಮೇಲೆ ಕೂಲಿಯೂ ಇಲ್ಲ. ಬೆಳೆ ಕಟಾವಾದ ಹೊಲಗಳಲ್ಲಿ ಕುರಿ ಬಿಟ್ಟು ಮೇಯಿಸುತ್ತಿದ್ದವರಿಗೆ ಆ ನೆಲದ ಮೇಲೆ ಕಾಗದದ ಹಕ್ಕು ಎಂದೂ ಇರಲಿಲ್ಲ; ಹೊಲದವರು ಮಂದೆ ತರುಬಿಸಿಕೊಂಡು ಗೊಬ್ಬರ ಪಡೆಯುತ್ತಿದ್ದರು, ಕುರಿಯವರು ಮೇವು ಪಡೆಯುತ್ತಿದ್ದರು, ಇಬ್ಬರ ನಡುವೆ ಮಾತೇ ಕರಾರು. ಬೇಲಿ ಬಿದ್ದ ಮೇಲೆ ಅವರು ಬೇಲಿಯುದ್ದಕ್ಕೂ ಮಂದೆಯನ್ನು ಹೊಡೆದುಕೊಂಡು ದೂರದ ಗುಡ್ಡದ ಕಡೆ ಹೋಗುತ್ತಿದ್ದರು. ಕೆಲವರು ಅದಾಗಲೇ ಕುರಿ ಮಾರಿದ್ದರು. ಸ್ಥಾವರದಲ್ಲಿ ಕೆಲಸ ಹುಟ್ಟಲಿಲ್ಲವೆಂದಲ್ಲ: ಕಾವಲು, ಹುಲ್ಲು ಕತ್ತರಿಸುವುದು, ಫಲಕ ತೊಳೆಯುವುದು. ಆದರೆ ಒಂದು ಸಲ ಕಟ್ಟಿ ಮುಗಿದ ಸೌರ ಸ್ಥಾವರಕ್ಕೆ ಬೇಕಾಗುವ ಆಳುಗಳು ಅಷ್ಟೇ ನೆಲದ ಶೇಂಗಾಕ್ಕೆ ಬೇಕಾಗುತ್ತಿದ್ದವರ ಒಂದು ಸಣ್ಣ ಪಾಲು.

ಇಲ್ಲಿ ಕಾನೂನಿನ ಒಂದು ಸೂಕ್ಷ್ಮವಿದೆ. 2006ರ ಪರಿಸರ ಪರಿಣಾಮ ಅಂದಾಜು ಅಧಿಸೂಚನೆಯ ಪ್ರಕಾರ ದೊಡ್ಡ ಗಣಿಗೋ ಸಿಮೆಂಟ್ ಕಾರ್ಖಾನೆಗೋ ಅನುಮತಿ ಬೇಕಾದರೆ ವರದಿಯ ಸಾರಾಂಶವನ್ನು ಸ್ಥಳೀಯ ಭಾಷೆಯಲ್ಲಿ ಒದಗಿಸಿ, ಮೂವತ್ತು ದಿನ ಮೊದಲೇ ಪ್ರಕಟಣೆ ಕೊಟ್ಟು, ಜಿಲ್ಲಾಡಳಿತದ ಸಮ್ಮುಖದಲ್ಲಿ ಸಾರ್ವಜನಿಕ ಅಹವಾಲು ಸಭೆ ನಡೆಸಬೇಕು. ಸೌರ ಫಲಕದ ಸ್ಥಾವರಗಳು ಈ ಅಧಿಸೂಚನೆಯ ವ್ಯಾಪ್ತಿಗೆ ಬರುವುದಿಲ್ಲ. ಹೊಗೆಯಿಲ್ಲದ ಉದ್ಯಮಕ್ಕೆ ತೊಡಕು ಬೇಡವೆಂಬ ಆಶಯ ಅದರ ಹಿಂದಿರಬಹುದು; ಪರಿಣಾಮವಾಗಿ, ಕುರಿಯವರು ಎದ್ದು ನಿಂತು ಮಾತಾಡಿ ಅದು ನಡಾವಳಿಯಲ್ಲಿ ದಾಖಲಾಗಬಹುದಾಗಿದ್ದ ಸಭೆಯೂ ಇಲ್ಲವಾಯಿತು. ನಾನು ಸೌರ ವಿದ್ಯುತ್ತಿನ ವಿರೋಧಿಯಲ್ಲ, ಪಾವಗಡವನ್ನು ಅನ್ಯಾಯದ ಉದಾಹರಣೆಯಾಗಿ ಕೊಡುತ್ತಲೂ ಇಲ್ಲ. ಪರಿಸರದ ದೃಷ್ಟಿಯಿಂದ ಸರಿಯಾದದ್ದು ಸಮಾಜದ ದೃಷ್ಟಿಯಿಂದ ತಾನಾಗಿ ಸರಿಯಾಗುವುದಿಲ್ಲ, ಅದಕ್ಕೆ ಬೇರೆಯೇ ಶ್ರಮ ಬೇಕು ಎಂಬುದನ್ನು ಅಷ್ಟು ಸ್ಪಷ್ಟವಾಗಿ ತೋರಿಸುವ ಜಾಗ ನನಗೆ ಇನ್ನೊಂದು ಗೊತ್ತಿಲ್ಲ. ಈಗ ನನ್ನ ಮೇಜಿಗೆ ಬರುವ ವರದಿಗಳಲ್ಲಿ ಕಂಪನಿಯೊಂದು ಸೌರ ವಿದ್ಯುತ್ ಕೊಂಡು ಸ್ಕೋಪ್ 2ರ ಅಂಕಿಯನ್ನು ಇಳಿಸಿಕೊಂಡಿದ್ದು ಕಂಡಾಗಲೆಲ್ಲ, ಆ ವಿದ್ಯುತ್ತು ಯಾವ ತಾಲ್ಲೂಕಿನ ಯಾವ ಹೊಲಗಳಿಂದ ಬಂತು ಎಂದು ಕೇಳುವುದು ಅಭ್ಯಾಸವಾಗಿದೆ. ಉತ್ತರ ಎಲ್ಲ ಸಲವೂ ಸಿಗುವುದಿಲ್ಲ.

ಸಮಾಜದ ಪಾಲು ನಮೂನೆಯಲ್ಲಿ ಇಲ್ಲವೇ ಇಲ್ಲ ಎನ್ನುವಂತಿಲ್ಲ. ಬಿಆರ್‌ಎಸ್‌ಆರ್‌ನ ಎಂಟನೆಯ ತತ್ತ್ವ ಸಾಮಾಜಿಕ ಪರಿಣಾಮದ ಅಂದಾಜು, ಪುನರ್ವಸತಿ, ಸಮುದಾಯದ ದೂರುಗಳನ್ನು ಸ್ವೀಕರಿಸುವ ವ್ಯವಸ್ಥೆಗಳ ಬಗ್ಗೆ ಕೇಳುತ್ತದೆ. ಅಲ್ಲಿ ಅನ್ವಯಿಸುವುದಿಲ್ಲ ಎಂಬ ಒಂದು ಪದದ ಉತ್ತರ ಎಷ್ಟು ಸಲೀಸಾಗಿ ಬೀಳುತ್ತದೆಂದು ಈ ಕೆಲಸದವರಿಗೆಲ್ಲ ಗೊತ್ತು. ಇನ್ನು ಪರಿಸರ ಪರಿಣಾಮ ಅಂದಾಜು ವರದಿ ಬರೆಯುವ ಸಲಹಾ ಸಂಸ್ಥೆಗಳು ಭಾರತೀಯ ಗುಣಮಟ್ಟ ಪರಿಷತ್ತಿನ ಅಂಗವಾದ ನಾಬೆಟ್‌ನ ಮಾನ್ಯತೆ ಪಡೆಯಬೇಕು. ಆ ಮಾನ್ಯತೆಗೆ ಗಾಳಿ, ನೀರು, ಶಬ್ದ, ಜೀವವೈವಿಧ್ಯದ ತಜ್ಞರ ಜೊತೆ ಸಾಮಾಜಿಕ-ಆರ್ಥಿಕ ವಿಭಾಗಕ್ಕೂ ಒಬ್ಬ ತಜ್ಞರು ಬೇಕು. ನಮ್ಮ ಓದಿನವರಿಗೆ ನೇರವಾಗಿ ಹೊಂದುವ ಹುದ್ದೆ ಅದು. ದುಃಖದ ಸಂಗತಿಯೆಂದರೆ ಆ ಅಧ್ಯಾಯ ಹಲವು ವರದಿಗಳಲ್ಲಿ ಜನಗಣತಿಯ ಕೋಷ್ಟಕಗಳನ್ನು ಎತ್ತಿ ಅಂಟಿಸಿದ್ದಷ್ಟೇ ಆಗಿರುತ್ತದೆ: ಇಷ್ಟು ಮನೆ, ಇಷ್ಟು ಸಾಕ್ಷರರು, ಇಷ್ಟು ಪರಿಶಿಷ್ಟರು. ಆ ಊರಿನಲ್ಲಿ ಸೌದೆ ಎಲ್ಲಿಂದ ಬರುತ್ತದೆ ಎಂದು ಅದನ್ನು ಓದಿ ಯಾರಿಗೂ ತಿಳಿಯುವುದಿಲ್ಲ.

ಇದಕ್ಕೆ ನಮ್ಮ ಕಡೆಯವರ ಪಾಲೂ ಇದೆ, ಅದನ್ನೂ ಹೇಳಬೇಕು. ಪರಿಸರ ಮತ್ತು ಸಮಾಜ ಓದಿದ ಅನೇಕರಿಗೆ ಅಂಕಿಯೆಂದರೆ ಅಲರ್ಜಿ. ಅಧಿಕಾರ, ಅಂಚು, ಪ್ರತಿರೋಧ ಎಂದು ವಿಚಾರ ಸಂಕಿರಣದ ಭಾಷೆಯಲ್ಲಿ ಚೆನ್ನಾಗಿ ಮಾತಾಡುವವರ ಮುಂದೆ ಕಾರ್ಖಾನೆಯ ನೀರಿನ ಸಮತೋಲನದ ನಕ್ಷೆ ಇಟ್ಟರೆ ಕಣ್ಣು ಮಂಜಾಗುತ್ತದೆ. ಟ್ಯಾಂಕರಿನ ಮೂಲದ ಪ್ರಶ್ನೆ ಎತ್ತಲು ನನಗೆ ಸಾಧ್ಯವಾದದ್ದು ಆ ಹಾಳೆಯನ್ನು ನಾನೇ ಕೂಡಿ ಕಳೆದು ತಯಾರಿಸಿದ್ದರಿಂದ. ಹಾಳೆ ಅರ್ಥವಾಗದವರ ಪ್ರಶ್ನೆಯನ್ನು ಆ ಸಭೆಗಳಲ್ಲಿ ಸೌಜನ್ಯದಿಂದ ಕೇಳಿಸಿಕೊಂಡು ಮುಂದಿನ ವಿಷಯಕ್ಕೆ ಹೋಗುತ್ತಾರೆ. ಸಂಖ್ಯಾಶಾಸ್ತ್ರ, ನಕ್ಷೆ ತಯಾರಿಸುವ ತಂತ್ರಾಂಶ, ಒಂದಿಷ್ಟು ಲೆಕ್ಕಪತ್ರ, ಇವನ್ನು ಐಚ್ಛಿಕವೆಂದು ಬಿಡುವ ವಿದ್ಯಾರ್ಥಿಗಳು ಮುಂದೆ ಕಷ್ಟಪಡುತ್ತಾರೆ, ಪಟ್ಟದ್ದನ್ನು ನೋಡಿದ್ದೇನೆ.

ಇನ್ನೊಂದು ಸಂಗತಿಯನ್ನು ಕನ್ನಡದ ಓದುಗರಿಗೆ ವಿಶೇಷವಾಗಿ ಹೇಳಬೇಕು. ಈ ಕೋರ್ಸುಗಳು ನಡೆಯುವುದು ಇಂಗ್ಲಿಷಿನಲ್ಲಿ, ಪ್ರವೇಶದ ಸಂದರ್ಶನವೂ ಇಂಗ್ಲಿಷಿನಲ್ಲಿ, ಆದ್ದರಿಂದ ತುಮಕೂರು, ಚಿತ್ರದುರ್ಗ, ಹಾವೇರಿಯ ಸರಕಾರಿ ಕಾಲೇಜಿನಿಂದ ಬಂದವರು ಮೊದಲ ಸೆಮಿಸ್ಟರಿನಲ್ಲಿ ಬಾಯಿ ಬಿಡುವುದಿಲ್ಲ. ಕ್ಷೇತ್ರಕಾರ್ಯ ಶುರುವಾದ ದಿನ ಲೆಕ್ಕ ತಿರುಗಿ ಬೀಳುತ್ತದೆ. ಬಗರ್ ಹುಕುಂ ಅರ್ಜಿ ಹಾಕಿ ಕಾಯುತ್ತಿರುವವರ ಸಂಕಟ ಏನು, ಗೋಮಾಳಕ್ಕೂ ಗುಂಡುತೋಪಿಗೂ ವ್ಯತ್ಯಾಸವೇನು, ಸಂಘದ ಸಾಲದ ಕಂತಿನ ದಿನ ಹೆಂಗಸರನ್ನು ಮಾತಿಗೆ ಎಳೆಯಬಾರದು ಯಾಕೆ, ಇವನ್ನೆಲ್ಲ ಅವರಿಗೆ ಯಾರೂ ಕಲಿಸಬೇಕಾಗಿಲ್ಲ. ಪ್ರತಿ ನೂರು ಜಾನುವಾರಿಗೆ 30 ಎಕರೆ ಗೋಮಾಳ ಇರಬೇಕೆಂಬ ಕಂದಾಯ ನಿಯಮವನ್ನು ತರಗತಿಯಲ್ಲಿ ಕೇಳಿದಾಗ, ತಮ್ಮೂರಿನ ಗೋಮಾಳದಲ್ಲಿ ಈಗ ಯಾರ ಯಾರ ಶೆಡ್ಡು ಇದೆಯೆಂದು ಅವರು ಕೈಬೆರಳಲ್ಲಿ ಎಣಿಸಬಲ್ಲರು. ಈ ತಿಳಿವಳಿಕೆಗೆ ಅಂಕ ಕೊಡುವ ಕ್ರಮ ವಿಶ್ವವಿದ್ಯಾಲಯಗಳಲ್ಲಿ ಇನ್ನೂ ಬಂದಿಲ್ಲ. ಆದರೆ ಕೆಲಸದ ಸಂದರ್ಶನಕ್ಕೆ ಬರುವವರಲ್ಲಿ ನಾನು ಮೊದಲು ಹುಡುಕುವುದು ಅದನ್ನೇ.

ಎಲ್ಲಿ ಓದಬೇಕು ಎಂಬುದಕ್ಕೆ ನನ್ನಲ್ಲಿ ಒಂದೇ ಉತ್ತರವಿಲ್ಲ. ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ, ಮುಂಬೈನ ಟಾಟಾ ಸಮಾಜ ವಿಜ್ಞಾನ ಸಂಸ್ಥೆ, ದೆಹಲಿಯ ಟೆರಿ ಮತ್ತು ಅಂಬೇಡ್ಕರ್ ವಿಶ್ವವಿದ್ಯಾಲಯಗಳು ಸಮಾಜದ ಕಡೆಯಿಂದ ಪರಿಸರವನ್ನು ನೋಡಲು ಕಲಿಸುವ ಹೆಸರಾಂತ ಜಾಗಗಳು. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ, ಬೆಂಗಳೂರು ಮತ್ತು ಮೈಸೂರು ವಿಶ್ವವಿದ್ಯಾಲಯಗಳಲ್ಲಿ ಪರಿಸರ ವಿಜ್ಞಾನದ ವಿಭಾಗಗಳಿವೆ. ಸಂಶೋಧನೆಗೆ ಹೋಗುವವರಿಗೆ 1996ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಏಟ್ರೀ ಎಂಬ ಪರಿಸರ ಸಂಶೋಧನಾ ಸಂಸ್ಥೆ ಇದೆ. ಬಿಳಿಗಿರಿರಂಗನ ಬೆಟ್ಟದ ಆದಿವಾಸಿಗಳಾದ ಸೋಲಿಗರ ಜೊತೆ ಅದರ ಸಂಶೋಧಕರು ವರ್ಷಗಟ್ಟಲೆ ಮಾಡಿದ ಕೆಲಸವನ್ನು ನಾನು ಎಲ್ಲರಿಗೂ ಓದಲು ಹೇಳುತ್ತೇನೆ. ಕಾಡಿನ ನೆಲದ ಒಣ ಎಲೆಯನ್ನು ಬೇಸಿಗೆಯ ಮೊದಲಲ್ಲೇ ಸಣ್ಣಗೆ ಸುಡುವ ತರಗು ಬೆಂಕಿಯನ್ನು ನಿಷೇಧಿಸಿದ್ದರಿಂದ ಲಂಟಾನ ಎಂಬ ಕಳೆ ಹಬ್ಬಿ ಕಾಡು ಕೆಟ್ಟಿತು ಎಂದು ಸೋಲಿಗರು ಹೇಳುತ್ತ ಬಂದದ್ದನ್ನು ಆ ಸಂಶೋಧಕರು ಕಿವಿಗೊಟ್ಟು ಕೇಳಿ, ಅಳೆದು ನೋಡಿದರು. ಸೋಲಿಗರ ದೇವರ ತಾಣಗಳ, ಯಲ್ಲೆಗಳೆಂದು ಅವರು ಕರೆಯುವ ಕುಲದ ನೆಲೆಗಳ ನಕ್ಷೆಯನ್ನು ಅವರೊಂದಿಗೇ ಸೇರಿ ತಯಾರಿಸಿದರು. 2011ರಲ್ಲಿ ಆ ಹುಲಿ ಸಂರಕ್ಷಿತ ಪ್ರದೇಶದಲ್ಲಿ ಸೋಲಿಗರ ಗ್ರಾಮಸಭೆಗಳಿಗೆ ಅರಣ್ಯ ಹಕ್ಕು ಕಾಯಿದೆಯಡಿ ಸಮುದಾಯದ ಹಕ್ಕುಪತ್ರ ಸಿಕ್ಕಿತು.

ಕೋರ್ಸಿನ ಹೆಸರು ನೋಡಿ ಸೇರಬೇಡಿ ಎಂದು ಮಾತ್ರ ಹೇಳುತ್ತೇನೆ. ಸುಸ್ಥಿರತೆ ಎಂಬ ಮಾತು ಈಗ ಎಲ್ಲ ಕೈಪಿಡಿಗಳಲ್ಲೂ ಇದೆ. ವಿಭಾಗದವರು ವಿದ್ಯಾರ್ಥಿಗಳನ್ನು ಯಾವ ಊರಿಗೆ ಕರೆದೊಯ್ಯುತ್ತಾರೆ, ಅದೇ ಊರಿಗೆ ಮುಂದಿನ ವರ್ಷವೂ ಹೋಗುತ್ತಾರೆಯೇ, ಹಿಂದಿನ ತಂಡ ಬರೆದ ವರದಿ ಆ ಊರಿನವರ ಕೈಗೆ ಅವರ ಭಾಷೆಯಲ್ಲಿ ಮುಟ್ಟಿದೆಯೇ ಎಂದು ವಿಚಾರಿಸಬೇಕು. ಹೊರಗೆ ಹೋದವರು ಈಗ ಎಲ್ಲಿದ್ದಾರೆಂದು ಹಳೆಯ ವಿದ್ಯಾರ್ಥಿಗಳಿಂದಲೇ ಕೇಳಿ ತಿಳಿಯಬೇಕು, ವಿಭಾಗದ ಫಲಕದಿಂದಲ್ಲ. ಸೇರುವುದಕ್ಕೆ ಮುಂಚೆ ಸಾಧ್ಯವಾದರೆ ತಮ್ಮ ಜಿಲ್ಲೆಯಲ್ಲಿ ನಡೆಯುವ ಯಾವುದಾದರೂ ಪರಿಸರ ಅಹವಾಲು ಸಭೆಗೆ ಹೋಗಿ ಹಿಂದಿನ ಸಾಲಿನಲ್ಲಿ ಕುಳಿತು ಬರಬೇಕು. ಶಾಮಿಯಾನ, ಧ್ವನಿವರ್ಧಕ, ಯೋಜನೆಯ ಪರವಾಗಿ ಬಸ್ಸಿನಲ್ಲಿ ಕರೆತಂದ ಜನ, ಮಾತಾಡಲು ಎದ್ದು ನಿಂತು ಬೆವರುವ ರೈತ, ಎಲ್ಲವನ್ನೂ ನಡಾವಳಿಗೆ ಇಳಿಸುತ್ತಿರುವ ಗುಮಾಸ್ತ: ಪಠ್ಯದ ಅರ್ಧ ಅಲ್ಲಿಯೇ ಇರುತ್ತದೆ.

ಕಂಪನಿಗಳ ಒಳಗಿದ್ದುಕೊಂಡು ಮಾಡುವ ಈ ಕೆಲಸಕ್ಕೆ ಮಿತಿಯಿಲ್ಲವೇ ಎಂದು ನನ್ನ ಸಹಪಾಠಿಗಳೇ ಕೇಳುತ್ತಾರೆ. ಅವರಲ್ಲಿ ಕೆಲವರು ಸಂಘಟನೆಗಳಲ್ಲಿದ್ದಾರೆ, ನನಗಿಂತ ಕಡಿಮೆ ಸಂಬಳಕ್ಕೆ ಹೆಚ್ಚು ತಿರುಗಾಡುತ್ತಾರೆ. ಮಿತಿ ಇದ್ದೇ ಇದೆ. ಹೇಳಬಾರದ್ದನ್ನು ನುಣುಪು ಮಾಡಿ ಹೇಳುವ ಕಲೆಗೆ ನಮ್ಮ ರಂಗದಲ್ಲಿ ಒಳ್ಳೆಯ ಬೆಲೆಯಿದೆ, ಅದನ್ನು ಕಲಿಯುವುದು ಅಷ್ಟೇನೂ ಕಷ್ಟವಲ್ಲ. ನಾನು ಸಹಿ ಹಾಕಲು ಒಪ್ಪದ ವಾಕ್ಯಗಳಿವೆ, ಒಪ್ಪಿ ಹಾಕಿದವೂ ಇವೆ. ಆದರೆ ವರದಿಯ ಒಳಗೊಬ್ಬರು, ಹಳ್ಳಿಯ ಸಭೆಯಲ್ಲೊಬ್ಬರು ಒಂದೇ ಪಾಠ ಓದಿದವರಿದ್ದರೆ ಒಬ್ಬರು ಕೇಳುವ ಪ್ರಶ್ನೆ ಇನ್ನೊಬ್ಬರಿಗೆ ಅರ್ಥವಾಗುತ್ತದೆ. ಟ್ಯಾಂಕರ್ ಚೀಟಿಗೆ ಸೇರಿದ ಗೆರೆಯಿಂದಾಗಿ ಯಾವ ಊರುಗಳ ನೀರು ಹೋಗುತ್ತಿದೆಯೆಂಬ ಪಟ್ಟಿಯಾದರೂ ವರದಿಯಲ್ಲಿ ಪ್ರಕಟವಾಯಿತು; ಅದನ್ನು ಮೊದಲು ಬಳಸಿಕೊಂಡವರು ಆ ಸಂಘಟನೆಗಳವರೇ.

ಮುಂದಿನ ಕೆಲಸಗಳು ಈಗಿನವಕ್ಕಿಂತ ಕಠಿಣವಾಗಿರುತ್ತವೆ. ಪಾವಗಡದ ಗುತ್ತಿಗೆಗಳು ಮುಗಿಯುವುದು 2040ರ ದಶಕದಲ್ಲಿ. ಸೌರ ಫಲಕಗಳನ್ನು 2022ರ ಇ-ತ್ಯಾಜ್ಯ ನಿಯಮಗಳ ವ್ಯಾಪ್ತಿಗೆ ತರಲಾಗಿದೆ, ಕೆಟ್ಟ ಫಲಕಗಳನ್ನು ಉತ್ಪಾದಕರು 2034-35ರವರೆಗೆ ಸಂಗ್ರಹಿಸಿ ಇಟ್ಟುಕೊಳ್ಳಬೇಕೆಂದಿದೆ. ಅದರಾಚೆಯದು ಇನ್ನೂ ಬರೆಯಬೇಕಾದ ನಿಯಮ. ಫಲಕಗಳು ಎದ್ದ ಮೇಲೆ ಅಳಿಸಿಹೋದ ಬದುಗಳ ನಡುವೆ ಯಾರ ಹೊಲ ಯಾವುದೆಂದು ಗುರುತಿಸಿ ಕೊಡಬೇಕು, ಅಷ್ಟರಲ್ಲಿ ಒಂದೊಂದು ಪಹಣಿಗೂ ನಾಲ್ಕೈದು ವಾರಸುದಾರರು ಹುಟ್ಟಿರುತ್ತಾರೆ, ಅವರಲ್ಲಿ ನೇಗಿಲು ಹಿಡಿದವರು ಇರಲಿಕ್ಕಿಲ್ಲ. ಗುತ್ತಿಗೆಯನ್ನು ಮುಂದುವರಿಸುವುದಾದರೆ ಕೂಲಿಯವರಿಗೂ ಕುರಿಯವರಿಗೂ ಈ ಸಲವಾದರೂ ಒಂದು ಪಾಲು ಇರಬೇಕೇ ಎಂಬ ಮಾತು ಆಗ ಮತ್ತೆ ಬರುತ್ತದೆ. ಈ ವರ್ಷ ಎಂ.ಎ. ಸೇರುವವರು ಆ ಹೊತ್ತಿಗೆ ನಲವತ್ತರ ಆಸುಪಾಸಿನಲ್ಲಿದ್ದು, ನಿರ್ಧಾರ ತೆಗೆದುಕೊಳ್ಳುವ ಹುದ್ದೆಗಳಲ್ಲಿರುತ್ತಾರೆ. ಸರ್ವೆ ಇಲಾಖೆಯ ಕಾಗದ ಓದಬಲ್ಲ, ತ್ಯಾಜ್ಯದ ನಿಯಮ ಬಲ್ಲ, ಗುತ್ತಿಗೆಯ ಲೆಕ್ಕ ಹಾಕಬಲ್ಲ, ನಾಗಲಮಡಿಕೆಯ ಕಟ್ಟೆಯ ಮೇಲೆ ಕೂತು ತೆಲುಗಿನಲ್ಲೋ ಕನ್ನಡದಲ್ಲೋ ಗಂಟೆಗಟ್ಟಲೆ ಮಾತು ಕೇಳಬಲ್ಲ ಜನ ಆ ಕೆಲಸಕ್ಕೆ ಬೇಕು. ಅಂಥ ಹುದ್ದೆಗೆ ಇನ್ನೂ ಯಾರೂ ಜಾಹೀರಾತು ಕೊಟ್ಟಿಲ್ಲ.